ಧಾರೆಯ ಹೊತ್ತಿಗೇ ನಿಲ್ಲುವ ವಿಡಿಯೋ

ಮದುವೆ ವಿಡಿಯೋ ಎಡಿಟ್ ಮಾಡಿ ಬದುಕುವ ನನ್ನ ಮೇಲೆ ಇವತ್ತು ಪಿತೂರಿಯ ಆಪಾದನೆ ಬಂತು, ಸ್ನೇಹಿತರೇ.

ಕಂಕನಾಡಿಯ ನನ್ನ ಸ್ಟುಡಿಯೋಗೆ ಮದುಮಗಳ ಸೋದರಮಾವ ಶೆಟ್ರು ವಿಡಿಯೋ ನೋಡಲು ಬಂದಿದ್ದರು. ಸರಿಯಾಗಿ ಓಡುತ್ತಿದ್ದ ವಿಡಿಯೋ, ಅವರು ಧಾರೆ ಎರೆಯಲು ನೀರಿನ ಗಿಂಡಿ ಎತ್ತುವಲ್ಲಿ ನಿಂತಿತು. ಮತ್ತೆ ಹಾಕಿದೆ. ಮತ್ತೆ ಅಲ್ಲೇ ನಿಂತಿತು.

“ಗಂಡಿನ ಕಡೆಯವರು ನಿಮಗೆ ಎಂತ ಹೇಳಿದ್ದಾರೆ?” ಎಂದು ಮೆಲ್ಲಗೆ ಕೇಳಿದರು.

“ಎಂತ ಸಹ ಇಲ್ಲ ಶೆಟ್ರೇ. ಅಲ್ಲಿ ಸ್ಲೋ ಮೋಷನ್ ಉಂಟು, ಕಂಪ್ಯೂಟರಿಗೆ ಭಾರ ಆಗ್ತದೆ.”

ಪ್ಲೇಬ್ಯಾಕ್ ಕ್ವಾಲಿಟಿ ಕಾಲು ಭಾಗಕ್ಕೆ ಇಳಿಸಿದೆ. ವಿಡಿಯೋ ಓಡಿತು, ಆದರೆ ಚಿತ್ರ ಮಸುಕಾಯಿತು.

“ಈಗ ನನ್ನ ಮುಖವೇ ಕಾಣುವುದಿಲ್ಲ! ಇದು ಸಹ ಅವರೇ ಹೇಳಿದ್ದಾ?”

ಕೊನೆಗೆ ಅಷ್ಟು ಭಾಗವನ್ನು ರೆಂಡರ್ ಮಾಡಿ, ಅಂದರೆ ಪೂರ್ತಿ ತಯಾರಾದ ವಿಡಿಯೋ ಆಗಿಸಿ, ತೋರಿಸಿದೆ. ಎಲ್ಲವೂ ಸ್ಪಷ್ಟ. ಶೆಟ್ರು ಕ್ಯಾಮೆರಾ ನೋಡಿ ನಗುತ್ತಾ ಧಾರೆ ಎರೆಯುತ್ತಿದ್ದಾರೆ. ನೀರು ಮದುಮಕ್ಕಳ ಕೈ ತಪ್ಪಿ ಬೀಗರ ರೇಷ್ಮೆ ಶಾಲಿನ ಮೇಲೆ ಬಲು ನಿಧಾನವಾಗಿ ಇಳಿಯುತ್ತಿದೆ.

ಶೆಟ್ರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಆಮೇಲೆ, “ಆಗ ಮಸುಕು ಇತ್ತಲ್ಲ ಮಾರಾಯ್ರೆ, ಅದೇ ಚಂದ ಉಂಟು” ಎಂದರು.

ಈಗ ಸಂಶಯ ನನಗೆ. ಅವರ ಮಾನ ಉಳಿಸಲೆಂದೇ ಈ ಕಂಪ್ಯೂಟರ್ ಅಷ್ಟು ಹೊತ್ತು ಅಲ್ಲಿ ನಿಂತದ್ದಲ್ಲವೇ?