ಬಚ್ಚಲ ಗೂಡಿನ ಕೂದಲು

ನಮ್ಮ ಉಗಾರದ ಮನೆಯಲ್ಲಿ ಬಚ್ಚಲ ಪಕ್ಕದ ಗೋಡೆಗೆ ಒಂದು ಸಣ್ಣ ಗೂಡಿದೆ. ನಾನು ಚಿಕ್ಕವಳಿದ್ದಾಗ ಭಾನುವಾರ ಅವ್ವ ನನ್ನ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬಾಚಿ, ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಅದರೊಳಗೆ ತುರುಕುತ್ತಿದ್ದಳು. ಕೂದಲು ಕೊಂಡು ಪಾತ್ರೆ ಕೊಡುವವಳು "ಭಾಂಡೇ!" ಎಂದು ಕೂಗುತ್ತ ಬಂದರೆ ಗೂಡು ಖಾಲಿಯಾಗಿ, ಅಡುಗೆಮನೆಗೊಂದು ಸ್ಟೀಲಿನ ಬಟ್ಟಲು ಬರುತ್ತಿತ್ತು. ಸೊಂಟ ದಾಟಿದ ಜಡೆ ನನ್ನದು. ಆ ಬಟ್ಟಲಲ್ಲಿ ಮೊಸರು ತಿನ್ನುವಾಗ ಮನೆಗೆ ನಾನೇ ದುಡಿದು ಹಾಕುತ್ತಿದ್ದೇನೆ ಎಂಬ ಸೊಕ್ಕು.

ಹೋದ ವರ್ಷ ಎದೆಯಲ್ಲಿ ಗಡ್ಡೆ ಸಿಕ್ಕಿತು. ಮಿರಜಿನಲ್ಲಿ ಕೀಮೋ ಶುರುವಾದ ಮೇಲೆ ತವರಿಗೆ ಬಂದೆ. ಮೂರನೇ ವಾರ ಕೂದಲು ದಿಂಬಿಗೇ ಉಳಿಯತೊಡಗಿತು. ಅವ್ವ ಒಂದೊಂದೇ ಎಳೆ ಆರಿಸಿ ಸುತ್ತಿ, ಹಳೆಯ ರೂಢಿಯಂತೆ ಗೂಡಿಗಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು.

"ನಾ ಇಲ್ಲಿ ಸಾಯಾಕತ್ತೀನಿ, ನಿನಗ ಬಟ್ಟಲದ ಚಿಂತಿ!"

ಅವ್ವ ನನ್ನ ಸ್ನಾನಕ್ಕೆ ನೀರು ಕಾಯಿಸಲು ಹೋದಳು. ಮೈ ತಿಕ್ಕಬಾರದೆಂದು ನರ್ಸ್ ಹೇಳಿದ್ದರು. ಕಡಲೆಹಿಟ್ಟು ಹಚ್ಚಿ ತೊಗಲು ಸುಲಿಯುವಂತೆ ತಿಕ್ಕಿಯೇ ನನ್ನನ್ನು ಬೆಳೆಸಿದ ಕೈ ಅದು. ಈಗ ಉಗುರುಬೆಚ್ಚನೆಯ ನೀರು, ಘಾಟಿಲ್ಲದ ಸೋಪು. ಆಮೇಲೆ ತನ್ನ ಹಳೆಯ ಸೀರೆಯ ತುಂಡಿನಿಂದ ನನ್ನ ಬೋಳು ತಲೆಯನ್ನು ಬರೀ ಒತ್ತುತ್ತಿದ್ದಳು. ಕೀಮೋದಿಂದ ಒಡೆದ ನನ್ನ ಅಂಗೈಗೆ ಡಾಕ್ಟರು ಕೊಟ್ಟ ಮುಲಾಮು ಸವರುವಾಗ ಉಸಿರನ್ನೂ ಬಿಡುತ್ತಿರಲಿಲ್ಲ.

ಅಂಥದ್ದರಲ್ಲಿ ಒಂದು ದಿನ ಭಾಂಡೆಯವಳು ಬಂದಳು.

"ಕೊಟ್ಟಬಿಡು. ಈ ಸಲ ಬಟ್ಟಲ ಅಲ್ಲ, ಕೊಡಾನ ಬರ್ತೈತಿ" ಎಂದೆ, ಚುಚ್ಚಬೇಕೆಂದೇ.

ಅವ್ವ ಬಾಗಿಲಿಂದಲೇ ಆಕೆಯನ್ನು ಸಾಗಹಾಕಿದಳು. "ಇಲ್ಲ ಬೇ, ನಮ್ಮನ್ಯಾಗ ಕೂದಲಿಲ್ಲ." ಒಳಬಂದು, ನನ್ನತ್ತ ನೋಡದೆ ಹೇಳಿದಳು: "ತಾವಾಗೇ ಉದುರಿದ್ದು ಮಾರಬೇಕು. ಇವನ್ನ ರೋಗ ಕಸಗೊಂಡೈತಿ. ನೀ ಎದ್ದು ಅಡ್ಡಾಡಿದ ದಿನ ಹೊಳಿಗೆ ಬಿಡ್ತೀನಿ." ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಆ ಸುರುಳಿ ಕೃಷ್ಣೆಗೆ ಹೋಗಿ ತಿಂಗಳುಗಳಾದವು. ಈಗ ಕೂದಲು ಕಿವಿ ಮುಚ್ಚುವಷ್ಟು ಬೆಳೆದಿದೆ, ಚಿಕ್ಕಂದಿನಲ್ಲಿಲ್ಲದ ಗುಂಗುರು ಬೇರೆ. ಹೋದ ಭಾನುವಾರ ಅವ್ವ ಬಾಚುವಾಗ ಬಾಚಣಿಗೆಗೆ ನಾಲ್ಕು ಎಳೆ ಸಿಕ್ಕವು. ಮತ್ತೆ ಶುರುವಾಯಿತೇ ಎಂದು ನಾನು ತಿರುಗಿ ನೋಡಿದೆ. ಅವ್ವ ಅವನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳಿಗೆ ಸುತ್ತಿ ಗೂಡಿಗಿಟ್ಟು, ವರ್ಷದ ಮೇಲೆ ಬಾಯಿತುಂಬ ನಕ್ಕಳು.

"ಇವು ತಾವಾಗೇ ಉದುರಿದ್ದವ. ಭಾಂಡೇದಾಕಿ ಬರ್ಲಿ."