ಅಗಾಫ್ಯಾ ತಂದ ಸುದ್ದಿ

ಅರವತ್ತೊಂದರ ಅಗಾಫ್ಯಾ ಯಾಕುತ್ಸ್ಕ್ ನಗರಕ್ಕೆ ಬರುವುದು ವರ್ಷಕ್ಕೊಮ್ಮೆ, ಅದೂ ಜನವರಿಯಲ್ಲಿ. ಲೇನಾ ನದಿ ಹೆಪ್ಪುಗಟ್ಟಿ ಅದರ ಮೇಲೆ ಲಾರಿ ಓಡುವಂತಾದಾಗ, ತಟ್ಟೆಗೆ ಹೊಯ್ದು ಕಲ್ಲಾಗಿಸಿದ ಹಾಲಿನ ಬಿಲ್ಲೆಗಳನ್ನು ಚೀಲಕ್ಕೆ ತುಂಬಿ ಆಚೆ ದಡದ ಹಳ್ಳಿಯಿಂದ ಹೊರಡುತ್ತಾಳೆ. ಮೂವತ್ತು ವರ್ಷ ಹಾಲು ಕರೆದು ಬೆರಳು ಸೊಟ್ಟಗಾಗಿವೆ. ನಾಲಿಗೆ ಮಾತ್ರ ನೆಟ್ಟಗಿದೆ ಎನ್ನುತ್ತಾರೆ ಊರವರು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು.

ಈ ಸಲ ಹಾಲು ಬರೀ ನೆಪ. ಸಂತೆಯಲ್ಲಿ ಅವಳ ಪಕ್ಕದ ಮೇಜಿನಲ್ಲಿ ಮೀನು ಮಾರುವವನು ಪ್ರೊಕೋಪಿ, ಅವನೂ ಹೆಂಡತಿಯನ್ನು ಕಳೆದುಕೊಂಡವನು. ಚಳಿಗೆ ಮುಂಚೆ ದೋಣಿ ಹತ್ತಿ ಅವಳ ಮನೆಗೇ ಬಂದು, "ನನ್ ಜೊತೆ ಇರ್ತೀಯಾ?" ಎಂದು ಕೇಳಿದ್ದ. ಫೋನಿನಲ್ಲಿ ಹೇಳುವ ಮಾತಲ್ಲ, ನದಿಯ ಮೇಲೆ ದಾರಿ ಬಿದ್ದಾಗ ಬಂದು ಹೇಳು ಎಂದಿದ್ದ. ಅವಳು ಮೂರು ತಿಂಗಳು ಯೋಚಿಸಿದಳು. ಒಂಟಿತನಕ್ಕೆ ಒಗ್ಗಿಹೋದವಳಿಗೆ ಇನ್ನೊಬ್ಬರ ಗೊರಕೆಯನ್ನು ಬದುಕಿನೊಳಗೆ ಬಿಟ್ಟುಕೊಳ್ಳುವುದು ಸಣ್ಣ ವಿಷಯವಲ್ಲ. ಕೊನೆಗೆ ಹೂಂ ಎನ್ನುವುದೆಂದು ತೀರ್ಮಾನಿಸಿದಳು.

ಸೊನ್ನೆಗಿಂತ ಐವತ್ತೆರಡು ಡಿಗ್ರಿ ಕೆಳಗಿನ ಮಧ್ಯಾಹ್ನ. ಮಂಜಿನಲ್ಲಿ ಮೂರು ಮೇಜಿನಾಚೆಯ ಮನುಷ್ಯ ಕಾಣುತ್ತಿರಲಿಲ್ಲ. ಸೆಟೆದುಹೋದ ಮೀನುಗಳನ್ನು ಬಕೆಟ್ಟಿನಲ್ಲಿ ಸೌದೆಯಂತೆ ನಿಲ್ಲಿಸುತ್ತಿದ್ದ ಪ್ರೊಕೋಪಿ ತಲೆಯೆತ್ತಿದ.

"ಏನ್ ಸುದ್ದಿ, ಅಗಾಫ್ಯಾ?"

"ಏನೂ ಇಲ್ಲ. ನೀನೇ ಹೇಳು."

ತಾನೇನು ಹೇಳಿದೆ ಎಂಬುದು ಹೇಳಿಬಿಟ್ಟ ಮೇಲೆಯೇ ಅವಳಿಗೆ ಹೊಳೆದಿದ್ದು. ಆ ಸೀಮೆಯ ಜನ ಎದುರಾದಾಗಲೆಲ್ಲ ಕೇಳುವುದು ಅದನ್ನೇ, ಉತ್ತರವೂ ಅದೇ. ಮನೆ ಸುಟ್ಟುಹೋಗಿದ್ದರೂ ಮೊದಲು ಏನೂ ಇಲ್ಲ ಎನ್ನಬೇಕು. ಚಹಾ ಕುಡಿದ ಮೇಲೆ ಸುದ್ದಿ. ಹುಟ್ಟಿದಾಗಿನಿಂದ ಆಡಿದ ಮಾತು ತಾನಾಗಿ ಬಾಯಿಗೆ ಬಂದಿತ್ತು. ಆದರೆ ಈ ಸಲ ಪ್ರೊಕೋಪಿ ನಿಜವಾಗಿಯೇ ಕೇಳಿದ್ದ; ಏನೂ ಇಲ್ಲ ಎಂದರೆ ಅವನ ಪಾಲಿಗೆ ಒಲ್ಲೆ ಎಂದಂತೆ.

"ನಂದೂ ಏನಿಲ್ಲ," ಎಂದ ಅವನು. ಇದ್ದುದರಲ್ಲೇ ದೊಡ್ಡ ಮೀನೊಂದನ್ನು ಅವಳ ಚೀಲಕ್ಕೆ ಹಾಕಿದ. "ಚಳಿ ಜೋರಿದೆ. ಬೇಗ ಹೊರಟ್ಬಿಡು."

ಬೆನ್ನು ತಿರುಗಿಸಿ ಮತ್ತೆ ಮೀನು ಜೋಡಿಸತೊಡಗಿದ. ಅರವತ್ತು ದಾಟಿದ ಗಂಡಸು ಇಷ್ಟಕ್ಕೇ ಮುಖ ಬಾಡಿಸಿಕೊಳ್ಳುವುದೇ ಎಂದು ಅಗಾಫ್ಯಾಳಿಗೆ ಸಿಟ್ಟು ಬಂತು. ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಕಣ್ಣೀರು ರೆಪ್ಪೆಯಲ್ಲೇ ಗಟ್ಟಿಯಾಯಿತು. ಈಗ ಹೊರಟರೆ ಮುಗಿಯಿತು. ಇನ್ನೊಮ್ಮೆ ಕೇಳುವ ಪೈಕಿಯವನಲ್ಲ ಅವನು. ಅವಳು ಬಾಯಿಗೆ ಸುತ್ತಿದ್ದ ಶಾಲು ಕೆಳಗೆಳೆದಳು.

"ಪ್ರೊಕೋಪಿ, ಸುದ್ದಿ ಇದೆ."

"ಇಲ್ಲ ಅಂದ್ಯಲ್ಲ."

"ಅದು ಬಾಯಿ ಅಭ್ಯಾಸ ಕಣೋ, ಮಂಕೇ! ಹಸುಗಳನ್ನ ತಂಗಿಗೆ ಒಪ್ಪಿಸಿ ಬಂದಿದೀನಿ. ನಿನ್ ಜೊತೆ ಇರೋಕೇ ಬಂದಿದೀನಿ."

ಪ್ರೊಕೋಪಿ ಚರ್ಮದ ಕೈಗವಸು ಕಿತ್ತೆಸೆದು ಬರಿಗೈಯಲ್ಲಿ ಅವಳ ಕೆನ್ನೆ ಮುಟ್ಟಿದ. ಬೆರಳೇ ಸತ್ತುಹೋಗುವ ಆ ಚಳಿಯಲ್ಲಿ ಎಳೆ ಮಕ್ಕಳೂ ಮಾಡದ ಕೆಲಸ ಅದು. ಬೆರಳ ತುದಿಗಳು ನೋಡನೋಡುತ್ತ ಬಿಳಿಚಿಕೊಳ್ಳತೊಡಗಿದವು.

"ಹಾಕ್ಕೊಳ್ಳೋ ಗವಸು!" ಅಗಾಫ್ಯಾ ಗದರಿದಳು. "ಬೆರಳಿಲ್ಲದ ಗಂಡನ್ನ ಕಟ್ಕೊಂಡು ನಾನೇನ್ ಮಾಡ್ಲಿ?"