ಕೊಲ್ಲದೆ ಬಿಟ್ಟ ಐದು ಕಾಯಿ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ನ್ಯೂರೆಂಬರ್ಗಿನಲ್ಲಿ ಮಗನ ಮನೆಯ ಕೆಳಗೆ ಒಬ್ಬ ಜರ್ಮನ್ ಮುದುಕ ಇದ್ದ. ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ದುಡಿದವನು. ನನಗೆ ಗೋ ಆಟ ಕಲಿಸಿದವನು ಅವನೇ. ಮರದ ಹಲಗೆಯ ತುಂಬ ಅಡ್ಡಗೆರೆ, ಉದ್ದಗೆರೆ. ಗೆರೆ ಕೂಡುವ ಒಂದೊಂದು ಜಾಗವೂ ಒಂದು ಮನೆ. ಒಬ್ಬರು ಕರಿ ಕಾಯಿ, ಒಬ್ಬರು ಬಿಳಿ ಕಾಯಿ ಇಡುತ್ತ ಹೋಗಬೇಕು. ಪೂರ್ತಿ ಸುತ್ತುಗಟ್ಟಿದರೆ ಎದುರಿನವರ ಕಾಯಿ ಸತ್ತವು. ಹೆಚ್ಚು ಜಾಗ ಹಿಡಿದವರು ಗೆದ್ದರು. ನಾನು ಓದಿದ್ದು ಎರಡನೇ ಇಯತ್ತೆ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಆಟಕ್ಕೆ ಅದು ಬೇಕಾಗಲೂ ಇಲ್ಲ.

ಮೊದಮೊದಲು ನಾನು ಕಾಯಿಗಳನ್ನು ಒಂದಕ್ಕೊಂದು ಒತ್ತಿ, ಮೊಣಕೈ ಮಡಚಿದ ಹಾಗೆ ಇಡುತ್ತಿದ್ದೆ. ಅವನು "ನಾಯ್ನ್", ಅಂದರೆ ಹಾಗಲ್ಲ, ಎಂದು ಎತ್ತಿ ಒಂದು ಮನೆ ಬಿಟ್ಟು ಇಡುತ್ತಿದ್ದ. ಕಾಯಿಗಳ ಲೆಕ್ಕ ಅಷ್ಟೇ, ಆದರೆ ಓಡಲು ದಾರಿ ಇರುತ್ತಿತ್ತು. ಹೊಡೆಯುತ್ತೇನೆಂದು ಅವನ ಕಾಯಿಗೆ ಅಂಟಿಸಿ ಇಟ್ಟರೆ ಅದಕ್ಕೂ ನಾಯ್ನ್. ಮೈಮೇಲೆ ಬಿದ್ದರೆ ಎದುರಿನವನು ಗಟ್ಟಿಯಾಗುತ್ತಾನೆ. ದೂರದಿಂದ ಅಟ್ಟಬೇಕು, ಅವನು ಓಡುವಷ್ಟರಲ್ಲಿ ನಮ್ಮ ಬೇಲಿ ಕಟ್ಟಿಕೊಳ್ಳಬೇಕು. ಇಷ್ಟು ತಲೆಗೆ ಹೋಗಲು ಒಂದು ಚಳಿಗಾಲ ಹಿಡಿಯಿತು. ಅಷ್ಟೂ ದಿನ ಸೋತೆ. ಈ ದೇಶದಲ್ಲಿ ನನ್ನ ತಪ್ಪನ್ನು ಮುಖಕ್ಕೆ ಹೇಳಿದವನು ಅವನೊಬ್ಬನೇ. ಉಳಿದವರು ಪಾಪದ ಮುದುಕಿ ಎಂದು ನಕ್ಕು ತಲೆ ಆಡಿಸುತ್ತಿದ್ದರು. ಅವನನ್ನು ಒಂದು ಸಲ ನಿಜವಾಗಿ ಸೋಲಿಸಬೇಕು, ನನಗೆ ಬೇಕಾಗಿದ್ದು ಅಷ್ಟೇ.

ನಾನು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಪಾಸ್‌ಪೋರ್ಟಿನಲ್ಲಿ ಬರೆಸಿದ್ದೇ ದಿನ. ಆ ದಿನ ಮಗ ಆಫೀಸಿನವರನ್ನು ಕರೆದು, ಕೇಕು ಕತ್ತರಿಸಿ, ಎಲ್ಲರ ಮುಂದೆ ಮುದುಕನನ್ನೂ ನನ್ನನ್ನೂ ಆಟಕ್ಕೆ ಕೂರಿಸಿದ. ಬಲಗಡೆ ಮೂಲೆಯಲ್ಲಿ ನನ್ನ ಐದು ಕಾಯಿ ಸಿಕ್ಕಿಬಿದ್ದವು. ಒಳಗೆ ಸಾಲಾಗಿ ಮೂರು ಮನೆ ಖಾಲಿ. ನಡುವಿನದಕ್ಕೆ ನಾನಿಟ್ಟರೆ ಐದೂ ಬದುಕಿದವು, ಅವನು ಒಂದು ಬಿಳಿ ಕಾಯಿ ಇಟ್ಟಿದ್ದರೆ ಐದೂ ಹೆಣ. ಅವನು ಅಲ್ಲಿ ನೋಡಿದ. ನೋಡಿ, ಎಡಗಡೆ ಎಲ್ಲೋ ಇಟ್ಟ. ಕಣ್ಣು ತಪ್ಪಿರಬೇಕು, ಇನ್ನೊಂದು ಸಲ ನೋಡಲಿ ಎಂದು ನಾನೂ ಬೇಕೆಂದೇ ಬೇರೆ ಕಡೆ ಇಟ್ಟೆ. ಮತ್ತೆ ಬಿಟ್ಟ. ಕೊನೆಗೆ ನಾನು ಗೆದ್ದೆನಂತೆ. ಎಲ್ಲರೂ ಚಪ್ಪಾಳೆ ಹೊಡೆದರು.

ಮಗನನ್ನು ಅಡಿಗೆಮನೆಗೆ ಕರೆದೆ.

"ಅವಗ ಏನರ ಹೇಳಿದ್ದೇನು ನೀ?"

"ಹೂಂ ಅವ್ವಾ. ಇವತ್ತೊಂದಿನ ಗೆಲ್ಲಲಿ ಅಂದಿದ್ದೆ. ನಿಂಗ ಖುಷಿ ಆಗ್ಲಿ ಅಂತ. ಗೇಮ್ ಅಷ್ಟ ಅಲ್ಲಾ, ಬಿಡು."

"ನಾ ಹೋಗಿ ನಿಮ್ಮ ಸಾಹೇಬನ ಕಾಲ ಹಿಡಕೊಂಡು ನಿಂಗ ಪ್ರಮೋಷನ್ ಕೊಡಿಸಿದ್ರ ಖುಷಿ ಆಗ್ತದೇನು ನಿಂಗ?"

ಅಲ್ಲೇ ಇದ್ದ ಸೊಸೆ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಬಂದವರು ಹೋಗುವವರೆಗೆ ನಾನು ಹೊರಗೆ ಮುಖ ತೋರಿಸಲಿಲ್ಲ. ಸಿಟ್ಟು ಮಗನಿಗಿಂತ ಮುದುಕನ ಮೇಲೇ ಹೆಚ್ಚು. ಮಗನಿಗೆ ಆಟ ಗೊತ್ತಿಲ್ಲ. ಮುದುಕನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಕೆಳಗಿಳಿದು ಅವನ ಬೆಲ್ ಒತ್ತಿದೆ. ಮುಖವನ್ನೂ ತೊಳೆದಿರಲಿಲ್ಲ ಅವನು. ಒಳಗೆ ಹೋಗಿ ಹಲಗೆ ತೆಗೆದು, ಮೂಲೆಯಲ್ಲಿ ನನ್ನ ಐದು ಕಾಯಿ, ಸುತ್ತ ಅವನ ಬಿಳಿ ಕಾಯಿ, ನಿನ್ನೆ ಇದ್ದ ಹಾಗೇ ಜೋಡಿಸಿದೆ. ಒಂದು ಬಿಳಿ ಕಾಯಿ ಅವನ ಕೈಗೆ ಕೊಟ್ಟು ಕೈಕಟ್ಟಿ ಕೂತೆ. ತುಂಬ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ನಡುವಿನ ಮನೆಗೆ ಇಟ್ಟ. ಐದೂ ಕಾಯಿ ಎತ್ತಿ ಅವನ ಮುಂದೆ ಹಾಕಿದೆ. ಹಲಗೆ ಖಾಲಿ ಮಾಡಿ ಹೊಸ ಆಟ ಶುರು ಮಾಡಿದೆ.